ಅತ್ತೆ ಓದಿದ ಆಕ್ಟೋಪಸ್

ಹೊಸ ಪುಸ್ತಕ ಬಂದರೆ ನಮ್ಮ ಮನೆಯಲ್ಲಿ ಮೊದಲು ಓದುವುದಿಲ್ಲ, ಬೈಂಡ್ ಹಾಕುತ್ತೇವೆ. ಶಾಲೆ ಕಲಿಸಿದ ಅಭ್ಯಾಸ. ಕಂದು ಕಾಗದ ಸುತ್ತದಿದ್ದರೆ ಪುಸ್ತಕವನ್ನು ಅಂಗಿ ಹಾಕದೆ ಪೇಟೆಗೆ ಬಿಟ್ಟ ಹಾಗೆ ಅನ್ನಿಸುತ್ತದೆ. ನನಗೆ ಮಾತ್ರ ಅಷ್ಟು ತಾಳ್ಮೆ ಇಲ್ಲ. ಮೂಡಬಿದ್ರೆಯ ಅಂಗಡಿಯಿಂದ ಮಡಂತ್ಯಾರಿನ ಮನೆ ಮುಟ್ಟುವಷ್ಟರಲ್ಲಿ, ಬಸ್ಸಿನಲ್ಲೇ, ಒಂದೆರಡು ಅಧ್ಯಾಯ ಮುಗಿಸಿರುತ್ತೇನೆ.

ಕಳೆದ ವರ್ಷ ನನಗೆ ಚಿಂತೆ ಹತ್ತಿದ್ದು ಅತ್ತೆಯದ್ದು. ಒಂದು ಕಾಲದಲ್ಲಿ ವಾರಪತ್ರಿಕೆ ಬಂದ ದಿನ ಅವರ ಊಟವೇ ತಡವಾಗುತ್ತಿತ್ತು. ಕಣ್ಣಿಗೆ ಪೊರೆ ಬಂದು ಓದು ನಿಂತಿತು. ಆಪರೇಷನ್ ಆಗಿ ಕಣ್ಣು ಸರಿಯಾಯಿತು, ಓದು ಮರಳಲಿಲ್ಲ. ಅದರೊಟ್ಟಿಗೆ ಮಾತೂ ಕಮ್ಮಿಯಾಯಿತು. ಯಾರ ಮದುವೆ, ಯಾರ ಮನೆಯ ಜಗಳ ಎಂದು ಕೂಡ ವಿಚಾರಿಸುತ್ತಿರಲಿಲ್ಲ. ಊರಿನದ್ದೆಲ್ಲ ಬೇಕಾಗಿದ್ದ ಹೆಂಗಸು ಹಾಗೆ ಸುಮ್ಮನೆ ಕೂತರೆ ಭಯವಾಗುತ್ತದೆ. ನನಗಂತೂ ಆಯಿತು.

ದೊಡ್ಡ ಅಕ್ಷರವಾದರೆ ಓದಿಯಾರು ಎಂದು ಒಂದು ಮಕ್ಕಳ ಪುಸ್ತಕ ಕೊಟ್ಟು ನೋಡಿದೆ. "ನನಗೇನು ಬಾಲವಾಡಿಗೆ ಹೋಗ್ಲಿಕ್ಕೆ ಉಂಟಾ?" ಎಂದು ಬದಿಗೆ ಸರಿಸಿದರು.

ಮುಂದಿನ ಸಲ ಅವರಿಗೊಂದು ಕಾದಂಬರಿ, ಮಗಳಿಗೆ ಸಮುದ್ರದ ಜೀವಿಗಳ ಪುಸ್ತಕ ತಂದೆ. ಎರಡೂ ಹೆಚ್ಚುಕಮ್ಮಿ ಒಂದೇ ಗಾತ್ರ. ಮಗಳು ಎರಡಕ್ಕೂ ಅಚ್ಚುಕಟ್ಟಾಗಿ ಬೈಂಡ್ ಹಾಕಿದಳು, ಮೇಲೆ ಹೆಸರು ಬರೆಯಲಿಲ್ಲ. ಮರುದಿನ ಸಂಜೆ ನಾನು ಗಡಿಬಿಡಿಯಲ್ಲಿ ಕೈಗೆ ಸಿಕ್ಕಿದ್ದನ್ನು ಅತ್ತೆಯ ಮಡಿಲಿಗಿಟ್ಟು, "ಕಾದಂಬರಿ, ಒಳ್ಳೆದುಂಟು" ಎಂದು ಅಡುಗೆಮನೆಗೆ ಹೋದೆ.

ನೀರುದೋಸೆ ಹೊಯ್ಯುತ್ತಿದ್ದಾಗ ಜಗಲಿಯಿಂದ ಸ್ವರ ಬಂತು: "ಹೌದಾ ಮಾರಾಯ್ತಿ, ಆಕ್ಟೋಪಸ್‌ಗೆ ಮೂರು ಹೃದಯ ಉಂಟಂತೆ!"

ಕಾದಂಬರಿಯಲ್ಲಿ ಆಕ್ಟೋಪಸ್ ಎಲ್ಲಿಂದ ಬಂತು? ಬಾಗಿಲಿಗೆ ಬಂದು ಇಣುಕಿ ನೋಡಿದೆ. ಕೊಟ್ಟದ್ದು ಮಗಳ ಪುಸ್ತಕ. ಗೊತ್ತಾದರೆ ಇದನ್ನೂ ಸರಿಸುತ್ತಾರೆ, ಇನ್ನು ಯಾವುದನ್ನೂ ಮುಟ್ಟಲಿಕ್ಕಿಲ್ಲ. "ಹಾಗಂತೆ" ಎಂದಷ್ಟೇ ಹೇಳಿ ಬಾಗಿಲಲ್ಲೇ ನಿಂತೆ.

"ನಮಗೆ ಒಂದನ್ನೇ ಸುಧಾರಿಸ್ಲಿಕ್ಕೆ ಆಗುವುದಿಲ್ಲ" ಎಂದು ಅವರು ಪುಟ ತಿರುಗಿಸಿದರು.

ಅಷ್ಟರಲ್ಲಿ ಮಗಳು ಶಾಲೆಯಿಂದ ಬಂದಳು. "ಅಜ್ಜೀ, ಅದು ನನ್ನದು! ಮಕ್ಕಳ ಪುಸ್ತಕ!" ನಾನು ಕಣ್ಸನ್ನೆ ಮಾಡಿದ್ದು ಅವಳಿಗೆ ಕಾಣಲೇ ಇಲ್ಲ.

ಅತ್ತೆ ತಲೆ ಎತ್ತಲಿಲ್ಲ. "ಗೊತ್ತುಂಟು. ಮೊದಲ ಪುಟದಲ್ಲೇ ಬರೆದಿದ್ದಾರೆ. ನೀನು ಆ ಕಾದಂಬರಿ ಓದು, ನಂದಿನ್ನೂ ಮುಗೀಲಿಲ್ಲ."

ಮಗಳು ಮುಖ ಊದಿಸಿಕೊಂಡು ಕಾದಂಬರಿ ಎತ್ತಿಕೊಂಡಳು. ಸ್ವಲ್ಪ ಹೊತ್ತಿನಲ್ಲಿ ಅವಳ ಸದ್ದೂ ಇಲ್ಲ. ಒಳಗೆ ದೋಸೆ ಸೀಯುತ್ತಿತ್ತು, ನನಗೆ ಬಾಗಿಲು ಬಿಟ್ಟು ಹೋಗಲು ಮನಸ್ಸಿರಲಿಲ್ಲ. ಖುಷಿಯಲ್ಲಿ ಕಣ್ಣು ತುಂಬಿತ್ತು.

ಕೊನೆಗೆ ಅತ್ತೆ ಕನ್ನಡಕ ತೆಗೆದು, "ಶನಿವಾರ ಮೂಡಬಿದ್ರೆಗೆ ಹೋಗುವ" ಎಂದರು. ಆಪರೇಷನ್ ಆದ ಮೇಲೆ ಅವರು ಅಂಗಳ ದಾಟಿದ್ದೇ ಇಲ್ಲ.

"ತಿಮಿಂಗಿಲ ನಿದ್ದೆ ಮಾಡುವುದು ಹೇಗೆ ಅಂತ ಇದ್ರಲ್ಲಿ ಬರೆದೇ ಇಲ್ಲ. ಬೇರೆ ಪುಸ್ತಕ ಉಂಟಾ ಕೇಳ್ಬೇಕು."