ಹಿಂತಿರುಗಿಸದ ಡಬ್ಬಿ

ಮೊನ್ನೆ ತುಪ್ಪದಲ್ಲಿ ಕಡಲೆಹಿಟ್ಟು ಹುರಿಯುತ್ತಿದ್ದೆ. ಘಮ ಏಳುತ್ತಿದ್ದಂತೆ ಕಪಾಟಿನ ಮೇಲಿನ ಸ್ಟೀಲ್ ಡಬ್ಬಿ ನೆನಪಾಯಿತು. ಒಲೆ ಆರಿಸಿ ಕೂತುಬಿಟ್ಟೆ.

ಎಪ್ಪತ್ತರ ದಶಕದ ಕೊನೆ. ನಾನು ಮದುವೆಯಾಗಿ ಅಮೆರಿಕದ ಕೆಂಡಲ್ ಪಾರ್ಕಿಗೆ ಬಂದ ಹೊಸತು. ಪಕ್ಕದ ಮನೆಯ ಮೈಸೂರಿನ ಆಂಟಿಯ ಮನೆಯೇ ನನಗೆ ತವರು. ಬಾಯಿ ಜೋರು, ಕೈ ಧಾರಾಳ. ಅವರು ಕೊಟ್ಟ ಡಬ್ಬಿಯನ್ನು ಖಾಲಿ ವಾಪಸ್ ತಂದರೆ ಬಾಗಿಲಲ್ಲೇ ಬೈಗುಳ: “ಒಂದು ಚಮಚ ಸಕ್ಕರೆಗೂ ಗತಿ ಇಲ್ವೇನೇ ನಿಮ್ಮನೇಲಿ?”

ಅವರ ಒಬ್ಬನೇ ತಮ್ಮ ಸೇನೆಯಲ್ಲಿದ್ದ. ಆ ವರ್ಷ ಒಂದು ತಂಡದ ಜೊತೆ ಕಾಂಚನಜುಂಗಾ ಹತ್ತಲು ಹೋಗಿದ್ದ. ನೇಪಾಳ, ಸಿಕ್ಕಿಂ ಗಡಿಯ ಆ ಶಿಖರ ಅಲ್ಲಿನವರಿಗೆ ದೇವರು. ಐವತ್ತರ ದಶಕದಲ್ಲಿ ಮೊದಲು ಹತ್ತಿದವರೂ, ಕೊಟ್ಟ ಮಾತಿನಂತೆ, ತುದಿಗೆ ಕಾಲಿಡದೆ ಕೆಲವೇ ಅಡಿ ಕೆಳಗಿನಿಂದ ತಿರುಗಿ ಬಂದಿದ್ದರಂತೆ. ಇದನ್ನು ಆಂಟಿ ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದರು. “ನಮ್ಮ ಹುಡುಗ ದೇವರ ತಲೆ ತುಳೀತಾನಾ? ಅದಕ್ಕೇ ನಂಗೇನೂ ಭಯ ಇಲ್ಲ.” ಆದರೂ ಫೋನ್ ಬಿಟ್ಟು ಕದಲುತ್ತಿರಲಿಲ್ಲ, ಪಾಪ.

ಒಂದು ಬೆಳಿಗ್ಗೆ ಅಂಕಲ್ ಮ್ಯಾನ್‌ಹಟನ್ನಿನ ಆಫೀಸಿನಿಂದ ಫೋನ್ ಮಾಡಿದರು. ತಂಡ ಗೆದ್ದಿದೆ, ಪೇಪರಿನಲ್ಲಿ ಬಂದಿದೆ! ಆಂಟಿ ಆಗಲೇ ಬಾಣಲೆ ಇಟ್ಟರು. ಸಂಜೆಯೊಳಗೆ ಬೀದಿಯ ಮನೆಮನೆಗೂ ಮೈಸೂರು ಪಾಕ್. ಆಂಟಿಯ ಮದುವೆಯಲ್ಲಿ ಆ ತಮ್ಮ ತನ್ನ ಹೆಸರು ಕೊರೆಸಿ ಕೊಟ್ಟಿದ್ದ ಡಬ್ಬಿಯೊಂದಿತ್ತು. ನನಗೆ ಅದರಲ್ಲೇ ತುಂಬಿ ತಂದರು. “ತಿನ್ನೇ, ಡಯಟ್ ಗಿಯಟ್ ಎಲ್ಲ ನಾಳೆಗೆ!”

ಮಾರನೆಯ ದಿನ ಮೈಸೂರಿನಿಂದ ತಂತಿ ಬಂತು. ತುದಿಯವರೆಗೆ ಹೋದವರು ಬೇರೆಯವರು. ಅದಕ್ಕೂ ಮುಂಚೆಯೇ, ಕೆಳಗಿನ ಬಿಡಾರದಲ್ಲಿದ್ದ ಅವನ ಮೇಲೆ ಹಿಮ ಕುಸಿದಿತ್ತು. ದೇಹವೂ ಸಿಗಲಿಲ್ಲ…

ಆಂಟಿ ಅಳಲಿಲ್ಲ. ನನ್ನ ಕೈ ಹಿಡಿದುಕೊಂಡು ಕೇಳಿದರು: “ತುದಿ ತುಳಿದ್ರೆ ಕೋಪ ಅಂತಾರಲ್ಲೇ… ನಮ್ಮ ಹುಡುಗ ಹತ್ತಿರಾನೂ ಹೋಗಿರ್ಲಿಲ್ವಲ್ಲೇ!”

ಡಬ್ಬಿ ನನ್ನಲ್ಲೇ ಉಳಿಯಿತು. ಸಾವಿನ ಮನೆಗೆ ಸಕ್ಕರೆ ತುಂಬಿ ಹೇಗೆ ಕೊಡುವುದು? ಆ ಆಂಟಿಗೆ ಖಾಲಿಯಾದರೂ ಹೇಗೆ ಕೊಡುವುದು? ನಾಳೆ, ನಾಳಿದ್ದು ಎನ್ನುತ್ತ… ಅವರೂ ಕೇಳಲಿಲ್ಲ. ಆಮೇಲೆ ಆ ಮನೆಯಿಂದ ತುಪ್ಪದ ವಾಸನೆ ಬರಲಿಲ್ಲ, ಜೋರು ಮಾತೂ ಕೇಳಲಿಲ್ಲ. ಆಂಟಿ ಹೋಗಿಯೂ ಎಷ್ಟೋ ವರ್ಷವಾಯಿತು. ಅವರ ಹಿಂದೆಯೇ ಅಂಕಲ್ ಕೂಡ.

ಮೊನ್ನೆ ಡಬ್ಬಿ ಇಳಿಸಿ ಒರೆಸಿದೆ. ಕೊರೆಸಿದ ಹೆಸರು ಇನ್ನೂ ಓದಲು ಬರುತ್ತದೆ. ಈಗ ಪಕ್ಕದ ಮನೆಯಲ್ಲಿ ಯಾರೋ ಇದ್ದಾರೆ. ಖಾಲಿ ಡಬ್ಬಿ ತಂದಿದ್ದಕ್ಕೆ ಬೈಯುವವರು ಮಾತ್ರ ಇಲ್ಲ.