ಅತ್ತೆಯ ಎತ್ತರದ ತೂಗೇಣಿ

ಹಿತ್ತಾಳೆಯ ಬೋಗುಣಿ ನೆಲಕ್ಕೆ ಬಿದ್ದರೆ ಒಂದು ಸಲ ಸದ್ದು ಮಾಡಿ ಸುಮ್ಮನಾಗುವ ಜಾತಿಯದಲ್ಲ. ತನ್ನ ಅಂಚಿನ ಮೇಲೆ ತಾನೇ ಗಿರಗಿರನೆ ತಿರುಗುತ್ತ, ಬಿದ್ದ ಸುದ್ದಿಯನ್ನು ಓಣಿಗೆಲ್ಲ ಮುಟ್ಟಿಸಿದ ಮೇಲೆಯೇ ಅದು ಮಲಗುವುದು. ಗಜೇಂದ್ರಗಡದ ನಮ್ಮ ಮನೆಯಿಂದ ಈ ಸುದ್ದಿ ದಿನವೂ ಹೊರಡುತ್ತಿತ್ತು. ನಮ್ಮ ಸೀಮೆ ಮುಂಬಯಿ ರಾಜ್ಯವನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ವರ್ಷವೇ ನಾನೂ ಮುಶಿಗೇರಿಯ ತವರನ್ನು ಬಿಟ್ಟು ಆ ಮನೆಗೆ ಸೇರಿದವಳು. ಅತ್ತೆ, ಬಟ್ಟೆ ಅಂಗಡಿಯಲ್ಲಿ ದುಡಿಯುತ್ತಿದ್ದ ನಮ್ಮವರು, ನಾನು, ಇಷ್ಟೇ ಸಂಸಾರ. ಅಡಿಗೆಮನೆ ಮಾತ್ರ ಅಷ್ಟಕ್ಕೂ ಸಾಲದಷ್ಟು ಇಕ್ಕಟ್ಟು. ಗೋಡೆಯ ಮಾಡಗಳಲ್ಲಿ ಹಿಟ್ಟು, ಖಾರ, ಎಣ್ಣೆ ತುಂಬಿದ್ದರಿಂದ ಪಾತ್ರೆಗಳೆಲ್ಲ ಮೂಲೆಯಲ್ಲಿ ಒಂದರ ಮೇಲೊಂದು ಕೂತಿದ್ದವು. ಕೆಳಗಿನದೊಂದು ಬೇಕೆಂದರೆ ಮೇಲಿನವೆಲ್ಲ ಉರುಳುತ್ತಿದ್ದವು.

ನೆಲದಲ್ಲಿ ಜಾಗವಿಲ್ಲದಿದ್ದರೇನು, ತಲೆಯ ಮೇಲೆ ಅಷ್ಟೊಂದು ಜಾಗ ಖಾಲಿ ಬಿದ್ದಿದೆಯಲ್ಲ ಎಂದು ನನಗೆ ಹೊಳೆಯಿತು. ಮಾಳಿಗೆ ಹತ್ತುವ ಹಳೆಯ ಏಣಿಯೊಂದು ತುದಿ ಮುರಿದು ಹಿತ್ತಲಲ್ಲಿ ಬಿದ್ದಿತ್ತು. ಅದನ್ನು ಅಡ್ಡವಾಗಿ ತೊಲೆಗೆ ತೂಗುಹಾಕಿದರೆ ಬೋಗುಣಿಗಳು ಮೇಲೆ ಕವುಚಿ ಕೂರುತ್ತವೆ, ಹಿಡಿಕೆಯುಳ್ಳವು ಕೆಳಗೆ ಕೊಕ್ಕೆಗಳಲ್ಲಿ ಜೋಲುತ್ತವೆ ಎಂದು ಅತ್ತೆಗೆ ಹೇಳಿದೆ. ಅವರು ಬಹಳ ಹೊತ್ತು ತೊಲೆಯನ್ನೇ ನೋಡಿ, ಆಗಲಿ ಎಂದರು. ಮುರಿದ ತುದಿಯನ್ನು ಗರಗಸದಿಂದ ಕೊಯ್ದು, ಬೂದಿ ಹಾಕಿ ತಿಕ್ಕಿ ತೊಳೆದು, ಒಣಗಿದ ಮೇಲೆ ಕುಸುಬಿ ಎಣ್ಣೆ ಸವರಿದೆ. ಕಮ್ಮಾರನಿಂದ ಕೊಕ್ಕೆ ಮಾಡಿಸಿ ತಂದವರು ನಮ್ಮವರು. ಗಟ್ಟಿಯಾಗಿದೆಯೋ ಇಲ್ಲವೋ ಎಂದು ಕಟ್ಟಿದ ಹಗ್ಗಕ್ಕೆ ಜೋತುಬಿದ್ದು ತೋರಿಸಿದವರೂ ಅವರೇ.

ಅತ್ತೆ ಬಲು ಎತ್ತರದ ಹೆಣ್ಣುಮಗಳು. ಸಂತೆಯ ಗದ್ದಲದಲ್ಲಿ ಗಂಡಸರ ನಡುವೆಯೂ ಅವರ ತಲೆ ಕಾಣುತ್ತಿತ್ತು. ನಾನು ಅವರ ಭುಜಕ್ಕೂ ಬರುತ್ತಿರಲಿಲ್ಲ. ಏಣಿ ಎಷ್ಟು ಎತ್ತರಕ್ಕಿರಬೇಕೆಂದು ಮಗ ಕೇಳಿದಾಗ ಅವರು ಅದರಡಿ ನೆಟ್ಟಗೆ ನಿಂತು, ಕೈಯೆತ್ತಿ ತೋರಿಸಿದರು. ಅಲ್ಲಿಗೇ ಕಟ್ಟಿದ್ದಾಯಿತು. ತುದಿಗಾಲಲ್ಲಿ ನಿಂತರೂ ಕೊಕ್ಕೆ ನನ್ನ ಬೆರಳಿಗೆ ನಿಲುಕಲಿಲ್ಲ.

ನೀವು ಗಮನಿಸಿದ್ದೀರೋ ಇಲ್ಲವೋ, ಇಂದಿನ ಅಡಿಗೆ ಏನೆಂದು ತೀರ್ಮಾನಿಸುವವರು ಒಲೆಯ ಮುಂದೆ ಕೂತವರಲ್ಲ, ಪಾತ್ರೆ ಇಳಿಸಿಕೊಡುವವರು. ಅತ್ತೆ ಪಾತೇಲಿ ಕೊಟ್ಟರೆ ಸಾರು, ಕಡಾಯಿ ಕೊಟ್ಟರೆ ಪಲ್ಯ. ನಾನೇ ಕೊಯ್ದು, ತೊಳೆದು, ಎಣ್ಣೆ ಸವರಿದ ಏಣಿಯ ಕೆಳಗೆ ನಾನೇ ಕೈಯೊಡ್ಡಿ ನಿಲ್ಲಬೇಕಾಯಿತು. ಒಂದು ದಿನ ಬೇಸತ್ತು ಮಣೆಯ ಮೇಲೆ ಮಣೆಯಿಟ್ಟು ಹತ್ತಿದೆ. ಮಣೆ ಜಾರಿತು, ಕುಕ್ಕರಿಸಿಬಿದ್ದೆ. ಅತ್ತೆ ಓಡಿಬಂದು ಎಬ್ಬಿಸಿದರು. ಸೊಂಟ ಹಿಡಿದುಕೊಂಡೇ ನಾನು ಅಷ್ಟು ದಿನ ನುಂಗಿಕೊಂಡದ್ದನ್ನು ಹೇಳಿದೆ.

“ಅತ್ತೀ, ನನಗ ನಿಲುಕೂದಿಲ್ರಿ. ಒಂದೀಟು ಕೆಳಗ ಇಳಿಸೋಣ್ರಿ.”

ಅವರು ನನ್ನನ್ನು ಬೋರಲು ಮಲಗಿಸಿದರು. ಎಣ್ಣೆ ಬಿಸಿ ಮಾಡಿ ತಂದು ನನ್ನ ಸೊಂಟಕ್ಕೆ ತಿಕ್ಕುತ್ತ ಕೂತರು. ನನಗೆ ಅವರ ಮುಖ ಕಾಣುತ್ತಿರಲಿಲ್ಲ, ದನಿ ಮಾತ್ರ ಬಂತು.

“ಇಳಸಬ್ಯಾಡ ನೀಲಾ. ನಮ್ಮತ್ತಿಯವರು ನಿನ್ನಷ್ಟ ಇದ್ರು. ಈ ಬಾಗಲಾ, ಈ ಮಾಡಾ, ಎಲ್ಲಾ ಅವರ ಅಳತೀವು. ಲಗ್ನಾಗಿ ಬಂದಾಗಿಂದ ಬಗ್ಗಿ ಬಗ್ಗಿನ ಮಾಡೀನಿ. ಈ ಮನ್ಯಾಗ ನನ್ನ ಎತ್ತರಕ್ಕ ಇರೂದು ಇದೊಂದ.”

ಅದುವರೆಗೆ ನಾನು ಆ ಬಾಗಿಲನ್ನು ಬಾಗಿಲೆಂದಷ್ಟೇ ತಿಳಿದಿದ್ದೆ. ನಾನು ತಲೆಯೆತ್ತಿ ದಾಟುತ್ತಿದ್ದ ಹೊಸ್ತಿಲನ್ನು ಅವರು ಇಷ್ಟು ವರ್ಷ ತಲೆ ತಗ್ಗಿಸಿಯೇ ದಾಟಿದ್ದರೆಂಬುದು ಕಣ್ಣೆದುರಿಗಿದ್ದೂ ಕಂಡಿರಲಿಲ್ಲ. ಪ್ರತಿಯೊಂದು ಅಡಿಗೆಮನೆಯೂ ಯಾರದೋ ಮೈಯ ಅಳತೆಗೆ ಹೊಲಿದ ಅಂಗಿ. ಆಮೇಲೆ ಬಂದವರು ಅದರೊಳಗೆ ತಮ್ಮ ಮೈಯನ್ನು ಹೇಗೋ ತುರುಕಿಕೊಳ್ಳುತ್ತಾರೆ. ಅತ್ತೆಗಿದ್ದ ನೋವೂ ನನಗಿದ್ದ ನೋವೂ ಒಂದೇ ಆಗಿತ್ತು. ಹಾಗೆಂದು ನನ್ನದನ್ನು ಬಿಟ್ಟುಕೊಡಬೇಕೆಂದೇನೂ ನನಗೆ ಅನಿಸಲಿಲ್ಲ. ಏಣಿಯನ್ನು ಇಳಿಸಬಾರದು, ಪಾತ್ರೆಗಳು ಇಳಿಯಬೇಕು. ಅಷ್ಟೇ ತಾನೆ?

ಸೊಂಟ ನೆಟ್ಟಗಾದ ಮೇಲೆ ನಮ್ಮವರ ಜೊತೆ ನಾನೇ ಕಮ್ಮಾರನ ಹತ್ತಿರ ಹೋಗಿ, ಮೊಣಕೈಯಿಂದ ಬೆರಳ ತುದಿಯವರೆಗೆ ತೋರಿಸಿ, ಇಷ್ಟುದ್ದದ ಕೊಕ್ಕೆಗಳು ಬೇಕೆಂದೆ. ನೀರಿನ ಕೊಡಗಳನ್ನಿಟ್ಟ ಗೋಡೆಯ ಕಡೆ ಯಾರೂ ಓಡಾಡುವುದಿಲ್ಲ. ಏಣಿಯ ಆ ಬದಿಗೆ ನನ್ನ ಉದ್ದ ಕೊಕ್ಕೆಗಳನ್ನು ಹಾಕಿದೆ. ಈಚೆ ಬದಿಯಲ್ಲಿ ಅತ್ತೆಯವು ಇದ್ದಲ್ಲೇ ಉಳಿದವು. ಕಡಾಯಿ, ಹಂಚು, ಸೌಟುಗಳು ನನ್ನ ಕಣ್ಣಿನ ಮಟ್ಟಕ್ಕೆ ಇಳಿದು ಬಂದವು. ಅತ್ತೆ ತಮ್ಮ ಬದಿಯಲ್ಲಿ ಏಣಿಯ ಕೆಳಗೆ ಒಮ್ಮೆ ಹೋಗಿ ಒಮ್ಮೆ ಬಂದು ನೋಡಿದರು. ತಲೆ ತಗ್ಗಿಸಬೇಕಾಗಲಿಲ್ಲ. ಆಮೇಲೆ ಹೊರಗೆ ಹೋದರು.

ಮರುದಿನ ಮುಂಜಾನೆ ನಾನು ಒಲೆಗೆ ಕುಳ್ಳು ಇಡುತ್ತಿದ್ದಾಗ ಅತ್ತೆ ಬಂದು ನನ್ನ ಪಕ್ಕದಲ್ಲಿ ನಿಂತರು. ಅವರ ಕೈ ಏಣಿಯತ್ತ ಹೋಗಲಿಲ್ಲ.

“ಇವತ್ತ ಏನ್ ಮಾಡೂಣು?” ಎಂದು ಕೇಳಿದರು.

ಆ ಮನೆಗೆ ಬಂದಾಗಿನಿಂದ ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ. ಕಡಲೆಹಿಟ್ಟಿನ ಜುಣಕ ಮಾಡೋಣವೆಂದೆ. ಅತ್ತೆ ಈಳಿಗೆ ಎಳೆದುಕೊಂಡು ಉಳ್ಳಾಗಡ್ಡಿ ಹೆಚ್ಚಲು ಕೂತರು. ನಾನು ಕೈ ಚಾಚಿ ಕಡಾಯಿ ತೆಗೆದುಕೊಂಡೆ.