ನಾನು ಸೊಸೆಯನ್ನು ಬೈದ ವಿಡಿಯೋ

ಮೀನು ಮಾರುವವರಲ್ಲಿ ಬೋಣಿಗೆ ಬಂದವರನ್ನು ಬೇಸರ ಮಾಡಿ ಕಳಿಸುವ ಕ್ರಮ ಇಲ್ಲ. ದಿನದ ಮೊದಲ ಗಿರಾಕಿ ಮುಖ ಸಪ್ಪೆ ಮಾಡಿಕೊಂಡು ಹೋದರೆ ಆ ದಿನದ ಮೀನು ಬುಟ್ಟಿಯಲ್ಲೇ ಉಳಿಯುತ್ತದೆ ಎಂದು ನನ್ನ ಅತ್ತೆ ಹೇಳಿಕೊಟ್ಟಿದ್ದರು. ನಾನು ಓದಿದ್ದು ಮೂರನೇ ಕ್ಲಾಸು. ಹೆಮ್ಮಾಡಿಯಿಂದ ಬಸ್ಸು ಹತ್ತಿ ಬಂದು ಕುಂದಾಪುರದಲ್ಲಿ ಮೀನು ಮಾರಲು ಕೂತು ನಲವತ್ತು ವರ್ಷದ ಮೇಲಾಯಿತು. ಆ ಕ್ರಮವನ್ನು ಒಂದು ದಿನವೂ ಬಿಟ್ಟವಳಲ್ಲ. ಹೋದ ವರ್ಷ ಒಂದು ದಿನ ಬಿಡಬೇಕಿತ್ತು.

ಆ ದಿನ ಬೋಣಿಗೆ ಬಂದವಳು ಒಬ್ಬಳು ಹುಡುಗಿ. ಚಂದ ಮಾತಾಡಿದಳು, ಚೌಕಾಶಿ ಮಾಡದೆ ಬಂಗುಡೆ ತೆಗೆದುಕೊಂಡಳು. ಆಮೇಲೆ ಮೊಬೈಲ್ ಹಿಡಿದು, ಅಮ್ಮ ಒಂದು ವಿಡಿಯೋ ಮಾಡಲಾ ಎಂದು ಕೇಳಿದಳು. ಮೊಬೈಲ್ ಹಿಡಿದು ಬರುವ ಗಂಡಸರನ್ನು ನಾನು ಹತ್ತಿರ ಸೇರಿಸುವುದಿಲ್ಲ. ನಾವು ಬಗ್ಗಿದಾಗ, ಸೀರೆ ಎತ್ತಿ ಕಟ್ಟಿದಾಗ ಅವರ ಮೊಬೈಲ್ ಎತ್ತ ತಿರುಗುತ್ತದೆ ಎಂದು ಮಾರ್ಕೆಟಿನ ಹೆಂಗಸರಿಗೆಲ್ಲ ಗೊತ್ತು. ಇವಳು ಹುಡುಗಿ, ಅದೂ ಬೋಣಿಗೆ ಬಂದವಳು. ಆಗಲಿ ಎಂದೆ.

ಅಷ್ಟು ಹೊತ್ತಿಗೆ ಇನ್ನೊಬ್ಬ ಗಿರಾಕಿ ಬಂದ. ಹೆಲ್ಮೆಟ್ ಕೂಡ ತೆಗೆಯದೆ, ಮೀನನ್ನು ಬೆರಳಿನಲ್ಲಿ ಒತ್ತಿ, ನಿನ್ನೆಯದ್ದು ಎಂದ. ನಾನು ಮೀನಿನ ಕಿವಿರು ಎತ್ತಿ ಒಳಗಿನ ಕೆಂಪು ತೋರಿಸಿದೆ. ಆದರೂ ಅರ್ಧ ರೇಟಿಗೆ ಕೇಳಿದ. ಬೈದೆ. ನಾವು ಬೈಯುವುದು ಸಿಟ್ಟಿಗಲ್ಲ, ಅದೂ ವ್ಯಾಪಾರವೇ. ಬೈಸಿಕೊಂಡವನು ನಗುತ್ತ ಒಂದು ಕಿಲೋ ಕಟ್ಟಿಸಿಕೊಂಡು ಹೋದ. ನನ್ನ ಹಿಂದೆ ಸೊಸೆ ತಲೆ ಬಗ್ಗಿಸಿ ಮೀನು ಕೊಯ್ಯುತ್ತಿದ್ದಳು. ಮೀನಿನ ಹುರುಪೆ ಹಾರಿ ಕಣ್ಣಿಗೆ ಬಿದ್ದಿರಬೇಕು, ತೋಳಿನಲ್ಲಿ ಕಣ್ಣು ಒರೆಸಿಕೊಂಡಳು. ಹುಡುಗಿ ಹೋಗುವ ಮೊದಲು ಅವಳ ಹತ್ತಿರ ಬಗ್ಗಿ ಏನೋ ಹೇಳಿದಳು. ಇಬ್ಬರೂ ನಕ್ಕರು. ಅದು ನನ್ನ ತಲೆಯಲ್ಲಿ ಉಳಿಯಿತು.

ನಾಲ್ಕು ದಿನ ಕಳೆದು ಹೈಸ್ಕೂಲಿಗೆ ಹೋಗುವ ಮೊಮ್ಮಗಳು ಮೊಬೈಲ್ ತಂದು ತೋರಿಸಿದಳು. ಅದರಲ್ಲಿ ಹೆಲ್ಮೆಟ್ಟಿನವನು ಇಲ್ಲವೇ ಇಲ್ಲ. ನಾನು ಬಾಯಿ ಬಿಟ್ಟು ಬೈಯುತ್ತೇನೆ, ಕೂಡಲೇ ಸೊಸೆಯ ಬಗ್ಗಿಸಿದ ಮುಖ ಬರುತ್ತದೆ. ನಾನು ಮತ್ತೆ ಬೈಯುತ್ತೇನೆ, ಅವಳು ಕಣ್ಣು ಒರೆಸಿಕೊಳ್ಳುತ್ತಾಳೆ. ಹಿಂದಿನಿಂದ ಅಳುವ ಪಿಟೀಲು. ಮೇಲೆ ದೊಡ್ಡ ಅಕ್ಷರದಲ್ಲಿ ಅತ್ತೆಯ ಕಾಟ ಎಂದು ಬರೆದಿತ್ತು. ಕೆಳಗೆ ಜನ ಬರೆದದ್ದನ್ನು ಮೊಮ್ಮಗಳು ಓದಿ ಹೇಳಿದಳು. ಈ ಮುದುಕಿಯ ನಾಲಿಗೆಯನ್ನೇ ಕೊಯ್ಯಬೇಕು ಎಂದು ಒಬ್ಬ. ಅತ್ತೆಯರೆಲ್ಲ ಇಷ್ಟೇ ಎಂದು ಇನ್ನೊಬ್ಬಳು. ಒಬ್ಬರಾದರೂ, ಬೈಯುವವಳೂ ಅಳುವವಳೂ ಒಟ್ಟಿಗೆ ಯಾಕೆ ಕಾಣುವುದಿಲ್ಲ ಎಂದು ಕೇಳಿರಲಿಲ್ಲ.

ಆಮೇಲೆ ಮಾರ್ಕೆಟಿನಲ್ಲಿ ನನ್ನನ್ನು ನೋಡುವ ಕಣ್ಣೇ ಬದಲಾಯಿತು. ಇಪ್ಪತ್ತು ವರ್ಷದಿಂದ ನನ್ನ ಹತ್ತಿರವೇ ಮೀನು ಕೊಳ್ಳುತ್ತಿದ್ದ ಒಬ್ಬರು ಅಮ್ಮ ತಗ್ಗಿದ ದನಿಯಲ್ಲಿ ಬುದ್ಧಿ ಹೇಳಿದರು: "ಸೊಸಿ ಆರೂ ಒಂದ್ ಹೆಣ್ಣಲ್ದನಾ, ಹಾಂಗ್ ಬೈಬುಕಾಗ." ಅಲ್ಲ ಎಂದು ಹೇಳಿದಷ್ಟೂ ನಾನೇ ಕಳ್ಳಿಯಾದೆ. ಕೆಲವರು ದುಡ್ಡನ್ನು ನನ್ನ ಕೈಗೆ ಕೊಡದೆ ಸೊಸೆಗೇ ಕೊಟ್ಟು, ಚಿಲ್ಲರೆ ನೀನೇ ಇಟ್ಟುಕೋ ಎಂದು ಬೆನ್ನು ಸವರಿ ಹೋಗತೊಡಗಿದರು. ಅವಳು ತಲೆ ಬಗ್ಗಿಸಿಯೇ ಇರುತ್ತಿದ್ದಳು. ಹಾಗಲ್ಲ ಎಂದು ಒಂದು ಮಾತು ಹೇಳಬಾರದಿತ್ತೇ? ಯಾಕೆ ಹೇಳುವುದಿಲ್ಲ? ಅದೇ ಹುಳ ನನ್ನನ್ನು ಕೊರೆಯಿತು.

ಸಂಜೆ ಆರರಿಂದ ನಾನು ಧಾರಾವಾಹಿ ನೋಡುವವಳು. ಸುಳ್ಳೆಂದು ಗೊತ್ತಿದ್ದೇ ನೋಡುತ್ತೇನೆ. ಅಲ್ಲಿನ ಹೆಂಗಸರು ರೇಷ್ಮೆ ಉಟ್ಟು ಒಲೆಯ ಮುಂದೆ ನಿಲ್ಲುತ್ತಾರೆ, ಒಬ್ಬಳೂ ಒಂದು ಮೀನು ಕೊಯ್ದದ್ದನ್ನು ನಾನು ಕಾಣೆ. ಒಬ್ಬಳು ಅಳುವುದಕ್ಕೆ ಇದ್ದರೆ ಇನ್ನೊಬ್ಬಳು ವಿಷ ಹಾಕುವುದಕ್ಕೆ. ಮೂರನೆಯ ತರದವಳು ಅಲ್ಲಿ ಹುಟ್ಟುವುದೇ ಇಲ್ಲ. ನೋಡಿ ನಗುತ್ತೇನೆ ಎಂದುಕೊಂಡಿದ್ದೆ. ಅದು ಒಳಗೆ ಇಳಿದದ್ದು ಗೊತ್ತಾಗಲಿಲ್ಲ. ಸೊಸೆ ಮೊಬೈಲ್ ಹಿಡಿದು ಹಿತ್ತಲಿಗೆ ಹೋದರೆ ನಾನು ಬಾಗಿಲ ಮರೆಗೆ ಹೋಗಿ ನಿಲ್ಲತೊಡಗಿದೆ. ನನ್ನ ಅತ್ತೆ ನನ್ನನ್ನು ಹೊಡೆದವರು, ಆದರೆ ಮರೆಯಲ್ಲಿ ನಿಂತು ಕೇಳಿದವರಲ್ಲ. ಇದು ನಾನು ಟಿವಿಯಿಂದ ಕಲಿತ ವಿದ್ಯೆ.

ಒಂದು ಸಂಜೆ ಸೊಸೆಯನ್ನು ಕೇಳಿಯೇಬಿಟ್ಟೆ. ಮಗ ಬೋಟಿನಲ್ಲಿದ್ದ, ಬರಲು ಇನ್ನೂ ಹತ್ತು ಹನ್ನೆರಡು ದಿನವಿತ್ತು.

"ಆ ಹೆಣ್ಣಿಗ್ ಹೇಳಿ ವಿಡಿಯೋ ಮಾಡ್ಸದ್ ನೀನೇ ಅಲ್ದಾ?"

ಅವಳು ಅನ್ನ ಬಸಿಯುತ್ತಿದ್ದಳು. ತಿರುಗಲಿಲ್ಲ, ಅಳಲಿಲ್ಲ. ಗಂಜಿ ತಿಳಿ ಪೂರ್ತಿ ಬಸಿದು, ಪಾತ್ರೆ ಕೆಳಗಿಟ್ಟು, "ನೀವೂ ಅದನ್ ನಂಬಿದ್ರಿ ಅಂಬುದ್ ಆಯ್ತ್" ಎಂದಳು. ಮರುದಿನ ಅಣ್ಣನಿಗೆ ಫೋನ್ ಮಾಡಿದಳು. ಅವನೂ ವಿಡಿಯೋ ನೋಡಿದವನೇ. ರಿಕ್ಷಾ ತಂದ, ನನ್ನ ಮುಖ ನೋಡಲಿಲ್ಲ, ತಂಗಿಯನ್ನು ಕಿರಿಮಂಜೇಶ್ವರಕ್ಕೆ ಕರೆದುಕೊಂಡು ಹೋದ. ಶಾಲೆ ಇದ್ದದ್ದರಿಂದ ಮೊಮ್ಮಗಳು ಉಳಿದಳು.

ಮಾರ್ಕೆಟಿನಲ್ಲಿ ಪಕ್ಕದ ಬುಟ್ಟಿಯವಳು, ಓಡಿಸಿಬಿಟ್ಟೆಯಾ ಎಂದು ಕೇಳಿದಳು. ಆ ಹುಡುಗಿ ಕತ್ತರಿಸಿ ಅಂಟಿಸಿದ ವಿಡಿಯೋ ಸುಳ್ಳು. ಅದನ್ನು ನಿಜ ಮಾಡಿಕೊಟ್ಟವಳು ನಾನು. ಮಂಡಿ ನೋಯುವ ನಾನು ಒಬ್ಬಳೇ ಬುಟ್ಟಿ ಎತ್ತಿ, ಮಾರಿ, ಕೊಯ್ದು ಕೊಡಲು ಆಗುವುದಿಲ್ಲ. ಒಂದು ತಿಂಗಳು ಕೂರದಿದ್ದರೆ ನಮ್ಮ ಜಾಗದಲ್ಲಿ ಬೇರೆಯವರು ಕೂರುತ್ತಾರೆ. ಅದಕ್ಕೇ ಕರೆಯಲು ಹೋದೆಯಾ ಎಂದರೆ, ಅದಕ್ಕೂ ಹೌದು. ಮನೆಯಲ್ಲಿ ಮೊಮ್ಮಗಳು ನನ್ನ ಹತ್ತಿರ ಮಾತು ಬಿಟ್ಟಿದ್ದಳು. ಅದಕ್ಕೂ ಹೌದು.

ಎಂಟನೇ ದಿನ ಕಿರಿಮಂಜೇಶ್ವರದ ಬಸ್ಸು ಹತ್ತಿದೆ. ಸೊಸೆಯ ತಾಯಿ ಚಹಾ ಕೊಟ್ಟರು, ಅಣ್ಣ ಜಗಲಿಯಲ್ಲೇ ನಿಂತು ಕಾವಲು ಕಾದ. ನಾನು ಸುತ್ತು ಬಳಸಲಿಲ್ಲ.

"ನಾನ್ ಹೇಳದ್ ತಪ್ಪ್. ಆರೆ ಆ ಹೆಣ್ಣ್ ನಿನ್ ಹತ್ರ ಬಗ್ಗಿ ಎಂತ ಹೇಳ್ತ್?"

ಸೊಸೆ ನನ್ನನ್ನೇ ನೋಡಿದಳು. ತಪ್ಪೆಂದು ಹೇಳಲು ಬಂದವಳು ಮತ್ತೂ ವಿಚಾರಣೆ ಮಾಡುತ್ತಾಳಲ್ಲ ಎಂದು ಅನ್ನಿಸಿರಬೇಕು. ಬಂಗುಡೆಯ ತಲೆಯನ್ನೂ ಸಾರಿಗೆ ಹಾಕುತ್ತಾರಾ ಎಂದು ಆ ಹುಡುಗಿ ಕೇಳಿದಳಂತೆ. ತಲೆ ತಿನ್ನಲು ಗೊತ್ತಿಲ್ಲದವಳು ಮೀನು ಯಾಕೆ ಕೊಂಡಳೋ ಎಂದು ಇವಳು ನಕ್ಕದ್ದಂತೆ. ಮತ್ತೆ ಗಿರಾಕಿಗಳಿಗೆ ಯಾಕೆ ಒಂದು ಮಾತು ಹೇಳಲಿಲ್ಲ ಎಂದು ಕೇಳಿದೆ.

"ಹೇಳ್ದೆ ಅತ್ತೆ, ನಿಮ್ ಕಿವಿಗ್ ಬೀಳ್ಲಿಲ್ಲೆ. ಹೆದ್ರಿ ಸುಳ್ಳ್ ಹೇಳ್ತ್, ಪಾಪ, ಅಂದ್ರ್. ಮತ್ತೆ ಬಾಯಿ ಮುಚ್ಕಂಡೆ."

ಅವಳ ಮಾತು ಅಲ್ಲಿಗೆ ಮುಗಿದಿರಲಿಲ್ಲ.

"ಬತ್ತೆ. ಆರೆ ಇನ್ ಮುಂದೆ ಯಾಪಾರ ಮಾಡೂದ್ ನಾನು, ಕೊಯ್ಯೂದ್ ನೀವು. ಕಂಡರೆಲ್ಲ ಪಾಪ ಪಾಪ ಅಂಬುದ್ ನಂಗ್ ಬ್ಯಾಡ. ಬೈದ್ಲ್ ಅಂದ್ರೂ ಅಡ್ಡಿಲ್ಲೆ."

ನಲವತ್ತು ವರ್ಷ ನಾನು ಕೂತ ಮುಂದಿನ ಮಣೆಯನ್ನು ಕೇಳುತ್ತಿದ್ದಳು. ಇದಕ್ಕೇ ಇಷ್ಟೆಲ್ಲ ಆಟವೋ ಎಂಬ ಅನುಮಾನ ಆಗಲೂ ಒಂದು ಗಳಿಗೆ ಬಂತು, ಸುಳ್ಳು ಹೇಳುವುದಿಲ್ಲ. ಅಣ್ಣ ಏನೋ ಹೇಳಲು ಬಾಯಿ ತೆರೆದ. ಅವಳು ಕೈ ಅಡ್ಡ ಹಿಡಿದಳು. ಆಯಿತು ಎಂದೆ.

ಬಸ್ಸಿನಲ್ಲಿ ಒಂದೇ ಸೀಟಿನಲ್ಲಿ ಕೂತೆವು. ದಾರಿಯಲ್ಲಿ ಅವಳ ಮೊಬೈಲ್ ರಿಂಗಾಯಿತು. ನಾನು ಕಿಟಕಿಯ ಕಡೆ ಮುಖ ತಿರುಗಿಸಿದೆ, ಕಿವಿ ಮಾತ್ರ ಇತ್ತಲೇ ಇತ್ತು. ಅವಳಿಗೆ ಗೊತ್ತಾಯಿತು. ಮೊಬೈಲನ್ನು ಸ್ಪೀಕರಿಗೆ ಹಾಕಿ ನಮ್ಮಿಬ್ಬರ ನಡುವೆ ಹಿಡಿದಳು. ಮೊಮ್ಮಗಳು. ಎಷ್ಟು ಜನಕ್ಕೆ ಅಕ್ಕಿ ಹಾಕಬೇಕು ಎಂದು ಕೇಳಿದಳು.

"ಮೂರ್ ಜನಕ್ಕ್ ಹಾಕ್" ಎಂದಳು ಸೊಸೆ, ನನ್ನ ಮುಖ ನೋಡುತ್ತ. ಇಡೀ ಬಸ್ಸಿಗೆ ಕೇಳುವಷ್ಟು ದೊಡ್ಡ ದನಿ. ಮಾರ್ಕೆಟಿನಲ್ಲಿ ಮುಂದಿನ ಮಣೆಯಲ್ಲಿ ಕೂರುವವಳಿಗೆ ಆ ದನಿ ಸಾಕು.